ಎಡಗೈ ಮೇಷ್ಟ್ರು

ಚಲುವರಾಜು ನಕ್ಕರೆ ಅವನ ಬಲಗೈ ತಾನಾಗಿ ಮಡಚಿಕೊಳ್ಳುತ್ತಿತ್ತು. ಕೆಮ್ಮಿದರೂ ಅಷ್ಟೆ, ಸೀನಿದರೂ ಅಷ್ಟೆ. ಸುಮ್ಮನೆ ಕೂತು 'ಮಡಚಪ್ಪಾ' ಎಂದು ಎಷ್ಟು ಬೇಡಿಕೊಂಡರೂ ಮಾತ್ರ ಅದು ತೊಡೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ಹೀಗಾಗಿ ಮನೆಯವರೆಲ್ಲ ಅವನನ್ನು ನಗಿಸಲು ಹೆಣಗುತ್ತಿದ್ದರು. ಬಲವಂತದ ನಗುವಿಗೆ ಕೈ ಏಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಊರೂರಿನ ಕರೆಂಟ್ ತಂತಿಗಳೆಲ್ಲ ನೆಲದೊಳಗೆ ಇಳಿದು ಕಂಬಗಳು ಮಾಯವಾಗುತ್ತಿದ್ದ ಕಾಲ ಅದು. ತುಮಕೂರಿನಲ್ಲಿ ಉಳಿದಿದ್ದ ಕೆಲವೇ ಲೈನ್‌ಮ್ಯಾನ್‌ಗಳಲ್ಲಿ ಚಲುವರಾಜು ಒಬ್ಬ. ಹಳೆಯ ಕಂಬವೊಂದನ್ನು ಬಿಚ್ಚುವಾಗ ಏಣಿ ಜಾರಿತು. ಬಲಗೈಗೆ ಸಿಕ್ಕ ಕಬ್ಬಿಣದ ಪಟ್ಟಿಯನ್ನು ಹಿಡಿದು ನೇತಾಡಿದ. ಜೀವ ಉಳಿಯಿತು. ಆದರೆ ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಆ ಜಗ್ಗಾಟಕ್ಕೆ ಬುಡಸಮೇತ ಕಿತ್ತುಬಂದವು. ಕೈಯ ಮೇಲೆ ಒಂದು ತರಚು ಗಾಯ ಕೂಡ ಇಲ್ಲ, ಒಳಗೆ ಮಾತ್ರ ಎಲ್ಲ ಕತ್ತಲು.

ಆಪರೇಷನ್ ಮಾಡಿದ ಡಾಕ್ಟರು ಅವನ ಕಸುಬಿನ ಭಾಷೆಯಲ್ಲೇ ವಿವರಿಸಿದರು. ಮೋಟಾರು ಚೆನ್ನಾಗಿದೆ, ಲೈನು ಕಟ್ಟಾಗಿದೆ, ಬೇರೆ ಕಡೆಯಿಂದ ಎಳೆಯಬೇಕು. ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬು ಎತ್ತುವ ನರಗಳಲ್ಲಿ ಒಂದೆರಡನ್ನು ತಿರುಗಿಸಿ ಮೊಣಕೈ ಮಡಚುವ ಸ್ನಾಯುವಿಗೆ ಸೇರಿಸಿದರು. ಬೆರಳುಗಳಿಗೆ ಬೇಕಾದದ್ದನ್ನು ಎಡಗಡೆಯಿಂದಲೇ ತಂದರು. ಎಡತೋಳಿಗೆ ಹೋಗುವ ನರಗಳಲ್ಲಿ ಒಂದನ್ನು ಎದೆಯ ಮೇಲ್ಭಾಗದಲ್ಲಿ ಅಡ್ಡ ಹಾಯಿಸಿ ಬಲಗೈಗೆ ಹೊಲಿದರು. ಪಕ್ಕದ ಮನೆಯಿಂದ ವೈರು ಎಳೆದ ಹಾಗೆ ಎಂದು ಚಲುವರಾಜುವಿಗೆ ಅರ್ಥವಾಯಿತು. ಅವನ ಇಲಾಖೆಯಲ್ಲಾದರೆ ಅದಕ್ಕೆ ದಂಡ ಹಾಕುತ್ತಿದ್ದರು.

ಹೊಲಿದ ನರ ಬೆಳೆದು ಬೆರಳಿನ ತುದಿ ಮುಟ್ಟುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಮುಟ್ಟಿದ ಮೇಲೆ ಶುರುವಾದದ್ದು ನಿಜವಾದ ಪಾಡು. ಮಿದುಳಿನ ಲೆಕ್ಕದಲ್ಲಿ ಆ ನರಗಳು ಇನ್ನೂ ಉಸಿರಿನವು ಮತ್ತು ಎಡಗೈಯವು. ಅವು ಈಗ ಬಲಗೈಯವು ಎಂದು ಮಿದುಳಿಗೆ ಯಾರಾದರೂ ಕಲಿಸಬೇಕಿತ್ತು. ಕಲಿಸುವ ಜಾಗ ಊರಾಚೆ ಇತ್ತು. ಹಿಂದೊಮ್ಮೆ ಸಿನಿಮಾ ಟಾಕೀಸಾಗಿದ್ದ ಕಟ್ಟಡ, ಜನ ಅದನ್ನು ನರಶಾಲೆ ಎನ್ನುತ್ತಿದ್ದರು.

ಅಲ್ಲಿ ಚಲುವರಾಜುವಿಗೆ ಗುರುವಾಗಿ ಸಿಕ್ಕವಳು ದೇಚಮ್ಮ. ಕೊಡಗಿನ ಹುಡುಗಿ, ಫಿಸಿಯೋಥೆರಪಿಸ್ಟ್. ಮುಖದಲ್ಲಿ ಸದಾ ನಗು, ವ್ಯಾಯಾಮದ ವಿಷಯಕ್ಕೆ ಬಂದರೆ ಕಲ್ಲು. ಚಲುವರಾಜು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದ.

ಅವಳ ಹತ್ತಿರ ಜೋಡಿಗವಸು ಎಂಬ ಸಾಧನವಿತ್ತು. ಎರಡು ಕೈಗೆ ಎರಡು ಗವಸು, ತೋಳಿನವರೆಗೆ ಬರುತ್ತಿದ್ದವು. ಎಡಗೈಯ ಗವಸು ಅಲ್ಲಿ ಯಾವ ಸ್ನಾಯು ಯಾವಾಗ ಎಷ್ಟು ಬಿಗಿಯಿತು ಎಂಬುದನ್ನು ಓದಿಕೊಳ್ಳುತ್ತಿತ್ತು. ಬಲಗೈಯದು ಅದನ್ನೇ ಕನ್ನಡಿಯಂತೆ ತಿರುಗಿಸಿ, ಸಣ್ಣ ಸಣ್ಣ ಕರೆಂಟಿನಲ್ಲಿ ಬಲಗೈಯ ಸ್ನಾಯುಗಳಿಗೆ ಮುಟ್ಟಿಸುತ್ತಿತ್ತು. ಎಡಗೈ ಅಂಗಿಯ ಗುಂಡಿ ಹಾಕಿದರೆ ಬಲಗೈಯೂ ಹಾಕುತ್ತಿತ್ತು. ಸಾವಿರ ಸಲ ಹಾಗೆ ಜೊತೆಯಾಗಿ ಮಾಡಿದ ಮೇಲೆ ಮಿದುಳಿಗೆ ಹೊಸ ದಾರಿ ರೂಢಿಯಾಗಿ, ಗವಸು ಬಿಚ್ಚಿದರೂ ಬಲಗೈ ಎಡಗೈಯ ಹಿಂದೆ ಹಿಂದೆ ಬರುತ್ತಿತ್ತು. ಗುಂಡಿ, ಬಾಗಿಲ ಚಿಲಕ, ಬಾಚಣಿಗೆ, ಬಕೆಟ್ಟಿನ ಹಿಡಿ ಎಲ್ಲ ಹೀಗೇ ಒಂದೊಂದಾಗಿ ಬಲಗೈಗೆ ಮರಳಿದವು. ಮೊದಲ ಸಲ ಚಿಲಕ ತೆಗೆದ ದಿನ ಚಲುವರಾಜು ಬಾಗಿಲ ಆಚೆಗೂ ಈಚೆಗೂ ಓಡಾಡಿ ಮನೆಯವರ ತಲೆ ತಿಂದಿದ್ದ.

ಆದರೆ ಊಟ ಮಾತ್ರ ಹೆಂಡತಿಯ ಕೈಯಲ್ಲಿತ್ತು. ಪಂಕಜ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಅವನ ಮುಂದೆ ಕೂತು, ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗೆ ಇಡುತ್ತಿದ್ದಳು. ಅವಳು ಬೇಸರಿಸಿದ್ದು ಯಾರೂ ಕಂಡಿರಲಿಲ್ಲ. ಇಡೀ ಊರಿಗೆ ಬೆಳಕು ಕೊಟ್ಟ ಕೈಗೆ ಸ್ವಂತ ಬಾಯಿ ಮುಟ್ಟಲು ಆಗುತ್ತಿಲ್ಲವಲ್ಲ ಎಂದು ಅವನು ಮಾತ್ರ ಒಳಗೇ ಬೇಯುತ್ತಿದ್ದ. ಸ್ಪೂನು ಕೊಟ್ಟು ನೋಡಿದರು. ಅನ್ನವಾದರೆ ಹೇಗೋ ನಡೆಯಿತು. ರಾಗಿಮುದ್ದೆಯನ್ನು ಸ್ಪೂನಿನಲ್ಲಿ ಉಂಡವರು ಯಾರಿದ್ದಾರೆ?

ಇಂಥದರಲ್ಲಿ ಮಗಳು ಸಿಂಚನಳ ಮದುವೆ ಗೊತ್ತಾಯಿತು. ಗಂಡಿನ ಮನೆಯವರು ಹುಲಿಯೂರುದುರ್ಗದವರು. ನಿಶ್ಚಿತಾರ್ಥದ ದಿನ ಚಲುವರಾಜು ಹೊಟ್ಟೆ ಸರಿಯಿಲ್ಲ ಎಂದು ಊಟ ತಪ್ಪಿಸಿಕೊಂಡ. ಮದುವೆಯ ದಿನ ಧಾರೆ ಎರೆಯುವವರಿಗೆ ಉಪವಾಸವಿದ್ದದ್ದು ಒಳ್ಳೆಯದೇ ಆಯಿತು, ಧಾರೆಗೆ ಎರಡೂ ಕೈ ಒಟ್ಟಿಗೆ ಹಿಡಿಯುವುದರಿಂದ ಬೀಗರಿಗೆ ಕೈಯ ವಿಷಯ ತಿಳಿಯಲೂ ಇಲ್ಲ. ಉಳಿದದ್ದು ತಿಂಗಳು ಬಿಟ್ಟು ಗಂಡಿನ ಮನೆಯಲ್ಲಿ ಇಟ್ಟುಕೊಂಡಿದ್ದ ಬೀಗರೂಟ. ಆಕಾಶದಲ್ಲಿ ಟ್ಯಾಕ್ಸಿ ಹಾರಲಿ, ಬಸ್ಸು ಡ್ರೈವರಿಲ್ಲದೆ ಓಡಲಿ, ಆ ಸೀಮೆಯಲ್ಲಿ ಬೀಗರೂಟ ಎಲ್ಲಿತ್ತೋ ಅಲ್ಲೇ ಇತ್ತು. ಹೆಣ್ಣಿನ ತಂದೆ ಪಂಕ್ತಿಯ ತುದಿಯಲ್ಲಿ ಕೂತು ಮೊದಲ ತುತ್ತು ಬಾಯಿಗಿಡುವವರೆಗೆ ಬೇರೆ ಯಾರೂ ಎಲೆಗೆ ಕೈ ಹಾಕುವಂತಿಲ್ಲ. ಅದೂ ಮುದ್ದೆ, ಮಟನ್ ಸಾರು. ಅದೂ ಬೀಗ ಗಂಗಬೈರಯ್ಯನ ಎದುರಿಗೆ. ಆತ ಬಾಯಿಗೆ ಬೀಗವಿಲ್ಲದ ಆಸಾಮಿ ಎಂದು ಸುತ್ತ ಹತ್ತೂರಿಗೆ ಗೊತ್ತಿತ್ತು.

"ನಾನು ಬರಲ್ಲ," ಎಂದ ಚಲುವರಾಜು. "ಜ್ವರ ಅಂತ ಹೇಳಿ."

ತವರಿಗೆ ಬಂದಿದ್ದ ಸಿಂಚನ ಹಸಿರು ಬಳೆಯ ಕೈಗಳನ್ನು ಸೊಂಟಕ್ಕಿಟ್ಟು ನಿಂತಳು. "ನೀನು ಪಂಕ್ತೀಲಿ ಕೂರ್ದೆ ಇದ್ರೆ ನಂಗೆ ಬೀಗರೂಟನೇ ಬೇಡ. ಹಂಗಂತ ಅವ್ರಿಗೂ ಹೇಳ್ಬಿಡ್ತೀನಿ."

"ಹುಚ್ಚುಚ್ಚಾಗಿ ಆಡ್ಬೇಡ ಕಣವ್ವ. ಹೊಸ ಸಂಬಂಧ."

"ಅದ್ಕೇ ಹೇಳ್ತಿರೋದು. ನಮ್ಮಪ್ಪ ಯಾಕೆ ಬರ್ಲಿಲ್ಲ ಅಂತ ಅಲ್ಲಿ ದಿನಾ ಕೇಳುಸ್ಕೊಳೋಳು ನಾನು ತಾನೆ?"

ಮಗಳ ಮೊದಲ ದಿನಗಳಿಗೆ ತನ್ನ ಕೈ ಮುಳ್ಳಾಗಬಾರದು ಎಂದು ಅವನಿಗೆ ಅನ್ನಿಸಿತು. ಮರುದಿನ ನರಶಾಲೆಗೆ ಹೋದವನೇ, "ಡಾಕ್ಟ್ರಮ್ಮ, ಇನ್ಯಾವ್ದೂ ಬೇಡ. ಮುದ್ದೆ ಮುರಿಯೋದೊಂದು ಕಲಿಸ್ಕೊಡಿ," ಎಂದ.

"ಅದಕ್ಕೇನಂತೆ?" ಎಂದಳು ದೇಚಮ್ಮ. ಕ್ಯಾಂಟೀನಿನಿಂದ ಮುದ್ದೆ, ಸಾರು ತರಿಸಿದಳು. ಗವಸು ತೊಡಿಸಿ, ಬಲಗೈಯನ್ನು ತಟ್ಟೆಯ ಪಕ್ಕದಲ್ಲಿಟ್ಟಳು. "ಊಟಕ್ಕೆ ಕೂತಿದ್ದೀರಿ ಅಂದ್ಕೊಳ್ಳಿ. ಯೋಚನೆ ಮಾಡ್ಬೇಡಿ. ಎಡಗೈ ಏನ್ ಮಾಡುತ್ತೋ ಮಾಡ್ಲಿ."

ಎಡಗೈ ಯೋಚನೆ ಮಾಡಲಿಲ್ಲ. ಐವತ್ತು ವರ್ಷದಿಂದ ಊಟದ ಹೊತ್ತಿನಲ್ಲಿ ತಾನು ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಇಲ್ಲದ ನೀರಿನ ಲೋಟವನ್ನು ಬಳಸಿ ಹಿಡಿದು ಎತ್ತಿತು. ಬಲಗೈ ವಿಧೇಯವಾಗಿ ಹಾಗೇ ಮಾಡಿತು, ಬಿಸಿ ಮುದ್ದೆಯನ್ನು ಲೋಟದಂತೆ ಹಿಡಿದು, ಬಾಯಿಯ ಹತ್ತಿರ ಒಯ್ದು, ನೀರು ಕುಡಿಸುವಂತೆ ಓರೆ ಮಾಡಿತು. ಮುದ್ದೆ ಗಲ್ಲ ಸವರಿಕೊಂಡು ಮಡಿಲಿಗೆ ಬಿತ್ತು. ಪಕ್ಕದ ಕುರ್ಚಿಗಳಲ್ಲಿ ವ್ಯಾಯಾಮ ಮಾಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಚಲುವರಾಜುವಿಗೂ ನಗು ಬಂತು.

ದೇಚಮ್ಮ ನಗಲಿಲ್ಲ. ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಹಣೆ ಚಚ್ಚಿಕೊಂಡಳು. "ನನ್ನ ತಲೆಗೆ ಯಾಕೆ ಹೊಳೀಲಿಲ್ಲ! ನಿಮ್ಮ ಎಡಗೈಗೆ ಊಟ ಮಾಡೋಕೇ ಬರಲ್ಲ."

"ಬರಬಾರ್ದಲ್ವಾ ಡಾಕ್ಟ್ರಮ್ಮ?" ಎಂದ ಅವನು, ಅವಳು ಯಾಕೆ ಇಷ್ಟು ಹೌಹಾರಿದ್ದಾಳೆಂದು ತಿಳಿಯದೆ.

ಗವಸನ್ನು ಕಂಡುಹಿಡಿದವರ ದೇಶದಲ್ಲಿ ಊಟಕ್ಕೆ ಎರಡೂ ಕೈ ಬೇಕು, ಒಂದರಲ್ಲಿ ಚಾಕು, ಒಂದರಲ್ಲಿ ಮುಳ್ಳುಚಮಚ. ಒಂದು ಕೈ ಹುಟ್ಟಿದಾಗಿನಿಂದ ಊಟದ ಹತ್ತಿರವೇ ಸುಳಿಯದೆ ಇರಬಹುದು ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ದಿನಾ ಬಲಗೈಯಲ್ಲೇ ಉಣ್ಣುವ ದೇಚಮ್ಮನಿಗೂ ಅದು ಹೊಳೆದಿರಲಿಲ್ಲ.

"ಹಂಗಾದ್ರೆ ಆ ಗವಸನ್ನ ಬೇರೆಯವರ ಕೈಗೆ ಹಾಕಿ ಓದ್ಕೊಳ್ಳಿ. ನಮ್ಮನೆಯವಳ ಕೈ ಐತಲ್ಲ," ಎಂದ ಚಲುವರಾಜು.

"ಅದನ್ನೂ ಮಾಡಿ ನೋಡಿದ್ದೀವಿ. ಗವಸು ಇರೋವರೆಗೆ ಕೈ ಆಡುತ್ತೆ. ಯಾರೋ ನಿಮ್ಮ ಕೈ ಹಿಡ್ಕೊಂಡು ಆಡಿಸಿದ ಹಾಗೆ ಅಷ್ಟೆ. ಬಿಚ್ಚಿದ ಮೇಲೆ ಏನೂ ಉಳಿಯಲ್ಲ. ನಿಮ್ಮ ಬಲಗೈಗೆ ಬಂದಿರೋದು ನಿಮ್ಮ ಎಡಗೈಯ ನರ. ಎಡಗೈಗೆ ಗೊತ್ತಿರೋದನ್ನ ಮಾತ್ರ ಅದು ಹೇಳಿಕೊಡುತ್ತೆ." ಸ್ವಲ್ಪ ತಡೆದು ಅವಳು ಹೇಳಿದಳು, "ಮೊದಲು ಎಡಗೈ ಮುದ್ದೆ ಉಣ್ಣೋದು ಕಲೀಬೇಕು."

ಚಲುವರಾಜುವಿನ ಮುಖ ಕಪ್ಪಿಟ್ಟಿತು. "ಆ ಕೈಲಿ ಏನೇನು ತೊಳೀತೀವಿ ಅಂತ ನಿಮಗೆ ಗೊತ್ತಿಲ್ವಾ?"

"ಸೋಪು ಅಂತ ಒಂದಿದೆ."

"ಸೋಪಿಗೆ ಹೋಗೋ ಅಂಥದ್ದಲ್ಲ ಇದು," ಎಂದು ಅವನು ಎದ್ದುಬಿಟ್ಟ.

ಅವನ ತಪ್ಪೂ ಅಲ್ಲ. ತುಂಬಾ ಚಿಕ್ಕವನಿದ್ದಾಗ ಒಮ್ಮೆ ತಟ್ಟೆಗೆ ಎಡಗೈ ಹಾಕಿದ್ದಕ್ಕೆ ಅವನವ್ವ ಸೌಟಿನಿಂದ ಬಾರಿಸಿದ್ದಳು. ನೋವು ಆವತ್ತೇ ಹೋಯಿತು, ಹೇಸಿಗೆ ಮಾತ್ರ ಜೀವಮಾನಕ್ಕೆ ಉಳಿಯಿತು. ಬಸ್ ಟಿಕೆಟ್ಟಿಗೆ ದುಡ್ಡನ್ನು ಕೂಡ ಅವನು ಎಡಗೈಯಲ್ಲಿ ಕೊಟ್ಟವನಲ್ಲ. ಈಗ ಬಲಗೈ ಬಿದ್ದುಹೋದ ಮೇಲೆ, ಕೊಡುವಾಗಲೆಲ್ಲ "ತಪ್ಪು ತಿಳ್ಕೋಬೇಡಿ" ಎಂದು ಸೇರಿಸುತ್ತಿದ್ದ.

ಎರಡು ದಿನ ಅವನು ನರಶಾಲೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಪಂಕಜ ನೆಂಟರನ್ನು ಬೀಗರೂಟಕ್ಕೆ ಕರೆಯಲು ಹೊರಗೆ ಹೋದಳು. ಅಡುಗೆಮನೆಯ ಯಂತ್ರ ಬೆಳಿಗ್ಗೆ ತಿರುವಿಟ್ಟಿದ್ದ ಮುದ್ದೆ ತಣ್ಣಗಾಗಿತ್ತು. ಚಲುವರಾಜು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ ಕೂತ. ಎಡಗೈಯನ್ನು ಉಜ್ಜಿ ಉಜ್ಜಿ ತೊಳೆದ. ಅತ್ತಿತ್ತ ನೋಡಿದ. ಕಣ್ಣು ಮುಚ್ಚಿ ತಟ್ಟೆಗೆ ಕೈ ಹಾಕಿದ.

ಹೇಸಿಗೆಯನ್ನಾದರೂ ನುಂಗಬಹುದಿತ್ತು, ಮುದ್ದೆಯನ್ನು ನುಂಗುವುದಾಗಲಿಲ್ಲ. ಬೆರಳಿಗೆ ಮುರಿಯಲು ಬರದು, ಹೆಬ್ಬೆರಳಿಗೆ ಒತ್ತಲು ಬರದು. ಚೂರು ಮುರಿದದ್ದು ಸಾರಿನಲ್ಲಿ ಜಾರಿಹೋಯಿತು. ಹಿಡಿದು ಎತ್ತಿದರೆ ಮೂಗಿಗೆ ತಗುಲಿತು. ಪಂಚೆಯ ತುಂಬ ಸಾರು. ಕಂಬದ ತುದಿಯಲ್ಲಿ ಕೂದಲೆಳೆಯಂಥ ತಂತಿಯನ್ನು ಹೆಣೆಯುತ್ತಿದ್ದ ಎಡಗೈ ಅದು. ಅನ್ನದ ಮುಂದೆ ಹಸುಗೂಸು. ಇರುವ ಎರಡು ಕೈಯೂ ತನ್ನ ಹೊಟ್ಟೆಗೆ ಆಗಿಬರಲಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ಅತ್ತೇಬಿಟ್ಟ.

"ಏನ್ರೀ ಇದು?"

ಪಂಕಜ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕುಂಕುಮದ ಬಟ್ಟಲು ಮರೆತಿದ್ದಕ್ಕೆ ಅರ್ಧ ದಾರಿಯಿಂದ ವಾಪಸು ಬಂದಿದ್ದಳು. ಅವಳ ಕಣ್ಣು ಗಂಡನ ಎಡಗೈಯ ಮೇಲೆ, ಅದಕ್ಕೆ ಮೆತ್ತಿದ್ದ ರಾಗಿಯ ಮೇಲೆ ನಿಂತುಬಿಟ್ಟಿತು. "ಎಡಗೈಲಾ? ನಿಮ್ಮವ್ವ ಇದ್ದಿದ್ರೆ ಏನ್ ಅಂತಿದ್ರು? ನಾನು ತಿನ್ನುಸ್ತಿರ್ಲಿಲ್ವಾ? ನನ್ನ ಕೈ ಬೇಜಾರಾಗೋಯ್ತಾ?"

ಅವನು ಎಲ್ಲವನ್ನೂ ಹೇಳಿದ. ಲೋಟ ಹಿಡಿದದ್ದು, ಮುದ್ದೆ ಮಡಿಲಿಗೆ ಬಿದ್ದದ್ದು, ಎಡಗೈ ಕಲಿಯದೆ ಬಲಗೈಗೆ ಬಾರದು ಎಂದು ಡಾಕ್ಟ್ರಮ್ಮ ಹೇಳಿದ್ದು. "ನಿನ್ನ ಕೈ ಬೇಜಾರಲ್ಲ ಕಣೇ. ಅಲ್ಲಿ, ಅವ್ರೆಲ್ಲರ ಮುಂದೆ, ನಮ್ಮ ಮಗಳ ಮುಂದೆ ನೀನು ನನ್ ಬಾಯಿಗೆ ಇಡಕ್ಕಾಯ್ತದಾ?"

ಅತ್ತೆಯ ಸೌಟಿನ ರುಚಿ ಪಂಕಜಳೂ ಕಂಡವಳು. ಆದರೂ ಒಳಗೆ ಹೋಗಿ ತನಗೊಂದು ತಟ್ಟೆ ತಂದಳು. ಅವನ ಎದುರಿಗೆ ನೆಲದ ಮೇಲೆ ಕೂತು, ಬಲಗೈಯನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡು, ಎಡಗೈಯಿಂದ ಮುದ್ದೆ ಮುರಿದಳು. ಅದು ಹಾರಿ ತುಳಸಿಕಟ್ಟೆಯ ಬುಡಕ್ಕೆ ಬಿತ್ತು.

"ಅಯ್ಯೋ ನನ್ ಬುದ್ಧಿಗಿಷ್ಟು!" ಎಂದಳು ಪಂಕಜ. ಅದನ್ನು ಕೇಳಿದ್ದೇ ಚಲುವರಾಜುವಿಗೆ ಒಳಗಿನಿಂದ ನಗು ಉಕ್ಕಿತು, ಬಲಗೈ ಫಟ್ಟನೆ ಮಡಚಿಕೊಂಡು ಅವಳ ತಟ್ಟೆಯನ್ನು ಮಗುಚಿಹಾಕಿತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನೆಂಟರ ಕರೆಯೋಲೆ ಆವತ್ತು ಹಾಗೇ ಉಳಿಯಿತು. ಮಾರನೆಯ ದಿನದಿಂದ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಉಂಡರು, ಕದ್ದು ಸಿಹಿ ತಿನ್ನುವ ಮಕ್ಕಳ ಹಾಗೆ.

ಎಡಗೈ ಕಲಿಯಿತು. ಚೆನ್ನಾಗಿಯೇ ಕಲಿಯಿತು. ದೇಚಮ್ಮ ಗವಸು ತೊಡಿಸಿ, ಎರಡು ತಟ್ಟೆಗಳಲ್ಲಿ ಎರಡು ಮುದ್ದೆ ಇಟ್ಟಳು. ಎಡಗೈ ಮುರಿಯಿತು, ಬಲಗೈಯೂ ಮುರಿಯಿತು. ಎಡಗೈ ಅದ್ದಿತು, ಬಲಗೈಯೂ ಅದ್ದಿತು. ಮೊದಲು ಕಿವಿಗೆ, ಆಮೇಲೆ ಕೆನ್ನೆಗೆ, ದಿನಗಳು ಕಳೆದಂತೆ ತುಟಿಗೆ. ಬಲಗೈಯ ಮೊದಲ ತುತ್ತು ಬಾಯೊಳಗೆ ಇಳಿದಾಗ ಚಲುವರಾಜು ಅದನ್ನು ನುಂಗುವುದನ್ನೇ ಮರೆತು ದೇಚಮ್ಮನನ್ನು ನೋಡಿದ. ಕಲ್ಲಿನಂಥ ಡಾಕ್ಟ್ರಮ್ಮ ಪರದೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಬೀಗರೂಟದ ಹಿಂದಿನ ದಿನ ಅವಳು ಗವಸು ಬಿಚ್ಚಿಟ್ಟಳು. "ಗವಸಿಲ್ಲದೆ ಬರುತ್ತೆ, ಧೈರ್ಯವಾಗಿ ಹೋಗಿ. ಆದ್ರೆ ಒಂದು ಮಾತು. ಸದ್ಯಕ್ಕೆ ಎಡಗೈ ಜೊತೆಗೇ ಆಡ್ತಾ ಇರ್ಬೇಕು. ಅದು ನಿಂತ ಜಾಗದಲ್ಲಿ ಇದೂ ನಿಲ್ಲುತ್ತೆ. ಮುಂದಿನ ವರ್ಷದ ಹೊತ್ತಿಗೆ ಬಲಗೈ ಒಂದೇ ಓಡಾಡುತ್ತೆ. ಮತ್ತೆ, ಎತ್ತುವಾಗ ಉಸಿರು ಎಳ್ಕೊಳ್ಳಿ. ಹೆದ್ರಿ ಉಸಿರು ಬಿಗಿಹಿಡಿದ್ರೆ ಮೊಣಕೈ ಕೇಳಲ್ಲ."

"ಎಡಗೈನ ಟವೆಲಿನೊಳಗೆ ಇಟ್ಕೋತೀನಿ," ಎಂದ ಚಲುವರಾಜು.

ಹುಲಿಯೂರುದುರ್ಗದಲ್ಲಿ ಮನೆಯ ಮುಂದೆ ಶಾಮಿಯಾನ, ಸಾಲು ಮೇಜು, ಬಾಳೆಎಲೆ. ಮಸಾಲೆಯ ಘಮ ಬೀದಿಯ ತುದಿಗೇ ಬಂದು ಸ್ವಾಗತಿಸುತ್ತಿತ್ತು. ಚಲುವರಾಜುವನ್ನು ಪಂಕ್ತಿಯ ತುದಿಯಲ್ಲಿ ಕೂರಿಸಿದರು. ಎದುರಿಗೆ ಗಂಗಬೈರಯ್ಯ, ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. ಹೆಂಗಸರ ಸಾಲಿನಲ್ಲಿ ಪಂಕಜ. ಸಿಂಚನ ಹೊಸ ಸೊಸೆಯಾಗಿ, ಸೆರಗು ಸಿಕ್ಕಿಸಿಕೊಂಡು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ಮುದ್ದೆ ಬಂತು, ಸಾರು ಬಂತು, ತುಂಡುಗಳು ಬಂದವು.

"ಶುರು ಮಾಡಿ ಬೀಗ್ರೆ," ಎಂದ ಗಂಗಬೈರಯ್ಯ. ಇಡೀ ಪಂಕ್ತಿ ಕೈ ಕಟ್ಟಿ ಚಲುವರಾಜುವನ್ನು ನೋಡಿತು.

ಮೇಜಿನ ಕೆಳಗೆ, ತೊಡೆಯ ಮೇಲಿನ ಟವೆಲಿನೊಳಗೆ ಎಡಗೈ ಗಾಳಿಯನ್ನು ಮುರಿಯಿತು. ಮೇಲೆ ಬಲಗೈ ಮುದ್ದೆಯನ್ನು ಮುರಿಯಿತು. ಎಡಗೈ ಅದ್ದಿತು, ಬಲಗೈ ಅದ್ದಿತು. ಎಡಗೈ ಮೇಲೆದ್ದು ಮೇಜಿನ ಹಲಗೆಗೆ ಬಡಿದು ನಿಂತಿತು. ಬಲಗೈಯೂ ಎಲೆಯಿಂದ ಗೇಣೆತ್ತರದಲ್ಲಿ ನಿಂತಿತು. ಬೆರಳುಗಳ ನಡುವಿನಿಂದ ಸಾರು ಎಲೆಯ ಮೇಲೆ ತೊಟ್ಟಿಕ್ಕತೊಡಗಿತು.

ಚಲುವರಾಜು ಉಸಿರು ಬಿಗಿಹಿಡಿದಿದ್ದ. ಯಾರೋ ಕೆಮ್ಮಿದರು, ಮಗುವೊಂದು ಹಸಿವೆಂದು ರಾಗ ತೆಗೆಯಿತು. ಏನು ಬೀಗ್ರೆ, ಉಪ್ಪು ಕಮ್ಮಿಯಾ ಎಂದು ಗಂಗಬೈರಯ್ಯ ಬಾಯಿ ತೆರೆಯುವುದರಲ್ಲಿದ್ದ. ಎದ್ದು ಹೋಗಿಬಿಡಲೇ ಎಂದುಕೊಂಡು ಚಲುವರಾಜು ತಲೆ ಎತ್ತಿದ. ಸಿಂಚನ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದಳು. ಅವಳು ಅವನ ಕೈಯನ್ನು ನೋಡುತ್ತಿರಲಿಲ್ಲ, ಮುಖವನ್ನು ನೋಡುತ್ತಿದ್ದಳು. ಅವಳೂ ಉಸಿರು ಹಿಡಿದಿದ್ದಳು.

ಅವನು ಟವೆಲು ಸರಿಸಿ ಎಡಗೈಯನ್ನು ಹೊರಗೆ ತೆಗೆದ. ಎಲ್ಲರಿಗೂ ಕಾಣುವಂತೆ ಅದನ್ನು ಎಲೆಯ ಪಕ್ಕಕ್ಕೆ ತಂದ. ಉಸಿರನ್ನು ಎದೆ ತುಂಬ ಎಳೆದುಕೊಂಡ. ಎರಡು ಕೈಗಳೂ ಒಟ್ಟಿಗೆ ಎದ್ದವು. ಎಡಗೈ ಖಾಲಿ ಬೆರಳುಗಳನ್ನು ತುಟಿಯ ಒಂದು ಪಕ್ಕಕ್ಕೆ ತಂದಿತು, ಬಲಗೈ ತುತ್ತನ್ನು ಇನ್ನೊಂದು ಪಕ್ಕದಿಂದ ಬಾಯಿಗೆ ಇಟ್ಟಿತು. ಅವನು ನುಂಗಿದ.

"ಎಡಗೈ!" ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಪಿಸುಗುಟ್ಟಿದ್ದು ಶಾಮಿಯಾನಕ್ಕೆಲ್ಲ ಕೇಳಿತು.

"ಏನ್ ಬೀಗ್ರೆ ಇದು?" ಎಂದ ಗಂಗಬೈರಯ್ಯ.

"ನನ್ ಬಲಗೈ ಸತ್ತೋಗಿತ್ತು ಬೀಗ್ರೆ," ಎಂದ ಚಲುವರಾಜು. "ಎಡಗೈಯಿಂದ ನರ ತಂದು ಹಾಕವ್ರೆ. ಇದು ಮುಂದೆ ಹೋದ್ರೆ ಅದು ಹಿಂದೆ ಬತ್ತದೆ. ಈ ಕೈ ಹೇಳ್ಕೊಡ್ತಾ ಐತೆ, ಆ ಕೈ ಕಲೀತಾ ಐತೆ. ಮುಚ್ಚಿಡೋಣ ಅಂದ್ಕೊಂಡಿದ್ದೆ, ಆಗ್ಲಿಲ್ಲ."

ಗಂಗಬೈರಯ್ಯ ಆ ಎರಡು ಕೈಗಳನ್ನು ಒಂದಾದ ಮೇಲೊಂದು ನೋಡಿದ. ಮೀಸೆ ಸವರಿಕೊಂಡ. ಆಮೇಲೆ ಅವನ ದನಿ ಇಡೀ ಬೀದಿಗೆ ಕೇಳುವಂತೆ ಎದ್ದಿತು.

"ಹಂಗಾದ್ರೆ ಎಡಗೈ ಮೇಷ್ಟ್ರು ಅನ್ನಿ! ಅಲ್ಲ ಬೀಗ್ರೆ, ಪಾಠ ಹೇಳೋ ಮೇಷ್ಟ್ರನ್ನ ಉಪವಾಸ ಕೂರಿಸಿ ಹುಡುಗನಿಗೆ ಮಾತ್ರ ಇಕ್ತೀರಾ? ನಮ್ಮ ಮನೆ ಮರ್ಯಾದೆ ಏನಾಗ್ಬೇಕು? ಸಿಂಚನವ್ವ, ಆ ಕೈಗೂ ಒಂದು ತುಂಡು ಹಾಕವ್ವ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಚಲುವರಾಜುವೂ ನಕ್ಕ. ಹೊಟ್ಟೆಯಿಂದ ಬಂದ ನಗು, ತಡೆಯುವುದಾಗಲಿಲ್ಲ. ಬಲಗೈ ಫಟ್ಟನೆ ಮಡಚಿಕೊಂಡು ಗಲ್ಲಕ್ಕೆ ಸಾರು ಬಳಿಯಿತು. ಪಂಕಜ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಸಿಂಚನ ಬಕೆಟ್ಟಿನೊಳಗೆ ಸೌಟು ಆಡಿಸಿ ಹುಡುಕಿ ಒಂದು ತುಂಡನ್ನು ಎತ್ತಿದಳು. ಅಪ್ಪನ ಎಡ ಅಂಗೈಯನ್ನು ತಾನೇ ಬಿಡಿಸಿ ಅದರ ಮೇಲಿಟ್ಟಳು. ಅದು ನಲ್ಲಿಮೂಳೆ. ನಲ್ಲಿಮೂಳೆಯ ಒಳಗಿನದನ್ನು ಹೀರಬೇಕಾದರೆ ಯಾರೇ ಆಗಲಿ ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಚಲುವರಾಜುವೂ ಹಾಗೆಯೇ ಹಿಡಿದ.